ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್ ಮತ್ತು ಮುಂಬಯಿಯ ಹೀರಾಬಾಗ್ ಧರ್ಮಶಾಲೆ

ಭಗವಾನ್ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಿರೂಪಿಸುವಾಗ ಆಹಾರ, ಔಷಧ, ಉಪಕರಣಗಳ ಸಾಲಿನಲ್ಲಿಯೇ ಆವಾಸವನ್ನೂ ಎಣಿಸಿದ್ದಾರೆ. ಅನ್ನದಾನವನ್ನು ಎಲ್ಲರೂ ಕೊಂಡಾಡುತ್ತಾರೆ. ಶಾಸ್ತ್ರದಾನದ ಮಾತು ಬಂದೊಡನೆ ಅತ್ತಿಮಬ್ಬೆಯ ಹೆಸರು ನಮ್ಮ ನಾಲಿಗೆಯ ಮೇಲೆ ಬರುತ್ತದೆ. ಆದರೆ ಆವಾಸದಾನವನ್ನು ನೆನೆಯುವವರು ವಿರಳ. ಆಚಾರ್ಯರು ಇದನ್ನು ಹೇಳಿದ್ದು ಮುಖ್ಯವಾಗಿ ಸಂಯಮಿಗಳ ವಸತಿಯನ್ನು ಕುರಿತು ಎಂಬುದು ನಿಜ. ಗುಹೆಯಲ್ಲಿ, ಶೂನ್ಯಗೃಹದಲ್ಲಿ, ಬಸದಿಯ ಕೈಸಾಲೆಯಲ್ಲಿ ತಂಗುವ ಮುನಿಗಳಿಗೆ ನೆರಳಾಗುವುದು ಶ್ರಾವಕನ ಕರ್ತವ್ಯವೆಂಬುದು ಅದರ ಮೂಲಾರ್ಥ. ನಮ್ಮ ನಾಡಿನ ಶಾಸನಗಳಲ್ಲಿಯೂ ಬಸದಿಗೆ ಬಿಟ್ಟ ದತ್ತಿಯ ಒಂದು ಭಾಗ ಋಷಿಸಮುದಾಯದ ಆಹಾರದಾನಕ್ಕೆಂದು ಮೀಸಲಾಗಿರುವುದನ್ನು ಕಾಣುತ್ತೇವೆ. ಕಾಲ ಬದಲಾದಂತೆ, ದೂರದ ತೀರ್ಥಗಳಿಗೆ ಹೊರಟ ಶ್ರಾವಕ ಶ್ರಾವಿಕೆಯರಿಗೂ ದಾರಿಯಲ್ಲಿ ಒಂದು ಶುದ್ಧವಾದ ನೆಲೆ ಬೇಕೆಂಬ ಅರಿವು ಸಮಾಜದಲ್ಲಿ ಮೂಡಿತು. ಆ ಅರಿವಿಗೆ ಮುಂಬಯಿಯಂತಹ ಮಹಾನಗರದ ನಡುವೆ ಕಲ್ಲು ಗಾರೆಗಳ ರೂಪವನ್ನು ಕೊಟ್ಟ ಮಹನೀಯರು ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್ ಜವೇರಿಯವರು.

ನೂತನ ಬಸದಿಯ ಪ್ರತಿಷ್ಠಾ ಮಹೋತ್ಸವಕ್ಕೆ ಊರೂರುಗಳಿಂದ ಬಂಧುಗಳು ಬಂದು ಸೇರುವ ಈ ಸಂದರ್ಭದಲ್ಲಿ, ಬಂದವರನ್ನು ಎಲ್ಲಿ ಇಳಿಸುವುದೆಂಬ ಚಿಂತೆ ಸಮಿತಿಯವರನ್ನು ಎಷ್ಟು ಕಾಡಿರಬಹುದೆಂಬುದನ್ನು ವಾಚಕರು ಬಲ್ಲರು. ಆದುದರಿಂದ ಈ ಸಂಚಿಕೆಯಲ್ಲಿ ಆ ಪುಣ್ಯಪುರುಷರ ಚರಿತ್ರೆಯನ್ನು ಸ್ಮರಿಸುವುದು ಅಪ್ರಕೃತವಾಗಲಾರದು.

ಸೇಠ್‌ಜಿಯವರ ಪೂರ್ವಿಕರು ರಾಜಸ್ಥಾನದ ಮೇವಾಡ ಪ್ರಾಂತದ ಭೀಂಡರ್ ಎಂಬ ಊರಿನವರು, ಹೂಮಡ್ ಜ್ಞಾತಿಯ ದಿಗಂಬರ ಜೈನರು. ಪಿತಾಮಹರಾದ ಗುಮಾನ್‌ಜಿಯವರು ಜೀವನೋಪಾಯವನ್ನರಸಿ ಗುಜರಾತಿನ ಸೂರತ್ ನಗರಕ್ಕೆ ಬಂದು ನೆಲೆಸಿದರು. ಅವರ ಪುತ್ರರು ಹೀರಾಚಂದರು. ಹೀರಾಚಂದರ ನಾಲ್ವರು ಗಂಡುಮಕ್ಕಳು ಮೋತೀಚಂದ್, ಪಾನಾಚಂದ್, ಮಾಣಿಕಚಂದ್ ಮತ್ತು ನವಲಚಂದ್. ಮನೆಮಂದಿಯ ಹೆಸರುಗಳಲ್ಲಿಯೇ ವಜ್ರ, ಮುತ್ತು, ಪಚ್ಚೆ, ಮಾಣಿಕ್ಯಗಳೆಲ್ಲ ಇದ್ದುವು. ಮನೆಯ ಪೆಟ್ಟಿಗೆಯಲ್ಲಿ ಮಾತ್ರ ಅವು ಇರಲಿಲ್ಲ. ಮಾಣಿಕಚಂದರು ಜನಿಸಿದ್ದು 1851ರಲ್ಲಿ. ಒಂದು ಕಾಲಕ್ಕೆ ಪಶ್ಚಿಮ ಸಮುದ್ರದ ಹೆಬ್ಬಾಗಿಲಾಗಿದ್ದ ಸೂರತ್ ಆ ಹೊತ್ತಿಗೆ ಇಳಿಮುಖವಾಗಿ, ವ್ಯಾಪಾರವೆಲ್ಲವೂ ಮುಂಬಯಿಗೆ ಹರಿದುಹೋಗಿತ್ತು. ಕುಟುಂಬಕ್ಕೂ ಕಷ್ಟದ ದಿನಗಳು ಬಂದುವು. 1863ರ ಸುಮಾರಿಗೆ, ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಮುಂಬಯಿಯಲ್ಲಿ ಹತ್ತಿಯ ವ್ಯಾಪಾರ ಮುಗಿಲಿಗೇರಿದ್ದ ಕಾಲದಲ್ಲಿ, ಹೀರಾಚಂದರ ಸಂಸಾರ ಆ ನಗರಕ್ಕೆ ಬಂದಿಳಿಯಿತು.

ಬಾಲಕ ಮಾಣಿಕಚಂದರಿಗೆ ಶಾಲೆಯ ವಿದ್ಯೆ ಹೆಚ್ಚು ದೊರೆಯಲಿಲ್ಲ. ಸೋದರರೊಂದಿಗೆ ಅವರು ಕಲಿತದ್ದು ಮುತ್ತಿನ ಕೆಲಸವನ್ನು. ಪಾರಸಿಕ ಕೊಲ್ಲಿಯಲ್ಲಿ ಬೇಸಗೆಯ ತಿಂಗಳುಗಳಲ್ಲಿ ಮುಳುಗಿ ತೆಗೆದ ಮುತ್ತುಗಳು ಹಡಗುಗಳಲ್ಲಿ ಮುಂಬಯಿಗೆ ಬರುತ್ತಿದ್ದುವು. ಅಲ್ಲಿ ಅವುಗಳನ್ನು ತೂತಿನ ಅಳತೆ ಬೇರೆಬೇರೆಯಾದ ಹಿತ್ತಾಳೆಯ ಜರಡಿಗಳಲ್ಲಿ ಜಾಲಿಸಿ, ಬಣ್ಣ ಕಾಂತಿ ದುಂಡುಗಳನ್ನು ನೋಡಿ ವಿಂಗಡಿಸಿ, ಕೊರೆದು, ರೇಷ್ಮೆಯ ದಾರದಲ್ಲಿ ಪೋಣಿಸಿ, ಎಳೆಗಳನ್ನು ಗೊಂಚಲಾಗಿ ಕಟ್ಟಿ ಲಂಡನ್ ಪ್ಯಾರಿಸ್‌ಗಳ ಪೇಟೆಗೆ ಕಳುಹಿಸುವುದು ಜವೇರಿಗಳ ಕಸುಬು. ಇದು ಕಣ್ಣಿನ ವಿದ್ಯೆ, ನಂಬಿಕೆಯ ವ್ಯವಹಾರ. ಬೆಲೆಬಾಳುವ ಸರಕು ಕೈಯಿಂದ ಕೈಗೆ ಬಾಯಿಮಾತಿನ ಮೇಲೆಯೇ ಹೋಗುವ ಪೇಟೆಯಲ್ಲಿ ಒಮ್ಮೆ ಮಾತು ತಪ್ಪಿದವನಿಗೆ ಎರಡನೆಯ ಸಲ ಬಾಗಿಲು ತೆರೆಯುತ್ತಿರಲಿಲ್ಲ. ಅಂತಹ ಪೇಟೆಯಲ್ಲಿ ಸೋದರರು ಮಾಣಿಕಚಂದ್ ಪಾನಾಚಂದ್ ಎಂಬ ಹೆಸರಿನ ಅಂಗಡಿಯನ್ನು ತೆರೆದು, ಕೆಲವೇ ವರ್ಷಗಳಲ್ಲಿ ಯೂರೋಪಿನವರೆಗೂ ಹೆಸರಾದರು. ಸಂಪತ್ತು ಬಂದಿತು. ಚೌಪಾಟಿಯ ಕಡಲತೀರದಲ್ಲಿ ರತ್ನಾಕರ್ ಪ್ಯಾಲೇಸ್ ಎಂಬ ಭವನವೂ ಅದರಲ್ಲಿ ಚೈತ್ಯಾಲಯವೂ ನಿರ್ಮಾಣವಾದುವು. ಬ್ರಿಟಿಷ್ ಸರ್ಕಾರ ಜೆ.ಪಿ. ಪದವಿಯನ್ನಿತ್ತಿತು. ವ್ಯಾಪಾರದ ಈ ಅಭ್ಯುದಯವನ್ನು ವಿಸ್ತರಿಸಿ ಹೇಳುವ ಅಗತ್ಯವಿಲ್ಲ. ಆ ಕಾಲದ ಮುಂಬಯಿಯಲ್ಲಿ ಹಣ ಗಳಿಸಿದವರು ಅನೇಕರಿದ್ದರು.

ಕನ್ನಡಿಗರಾದ ನಮಗೆ ಸೇಠ್‌ಜಿಯವರು ಮೊದಲು ಸಿಕ್ಕುವುದು ಯಾತ್ರಿಕರಾಗಿ. 1883ರಲ್ಲಿ ಅವರು ಸಂಘವನ್ನು ಕಟ್ಟಿಕೊಂಡು ದಕ್ಷಿಣದ ಯಾತ್ರೆಗೆ ಹೊರಟರು. ಮಂಗಳೂರಿಗೆ ಆಗ ರೈಲು ಬಂದಿರಲಿಲ್ಲ. ಅದು ಬಂದದ್ದು 1907ರಲ್ಲಿ. ಮೂಡಬಿದಿರೆಯನ್ನು ಮುಟ್ಟಿ ಅಲ್ಲಿನ ರತ್ನಪ್ರತಿಮೆಗಳ ದರ್ಶನವನ್ನು ಪಡೆದ ಅವರಿಗೆ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಕಟ್ಟುಗಳನ್ನೂ ತೋರಿಸಲಾಯಿತು. ಧವಲ, ಜಯಧವಲ, ಮಹಾಧವಲಗಳೆಂದು ಕರೆಯುವ ಆ ಆಗಮಗಳು ಲೋಕದಲ್ಲಿ ಮತ್ತೆಲ್ಲಿಯೂ ಉಳಿದಿರಲಿಲ್ಲ. ಭಕ್ತರು ಆರತಿ ಬೆಳಗಿ, ದೂರದಿಂದ ಕೈಮುಗಿದು, ಕಾಣಿಕೆಯಿಟ್ಟು ಹೋಗುವುದು ರೂಢಿಯಾಗಿತ್ತು. ಹಳೆಗನ್ನಡ ಲಿಪಿಯಲ್ಲಿದ್ದ ಆ ಗರಿಗಳನ್ನು ಓದಬಲ್ಲವರು ಯಾರಿದ್ದಾರೆಂದು ಸೇಠ್‌ಜಿ ವಿಚಾರಿಸಿದರು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳ ಹೆಸರು ಮಾತ್ರ ಕೇಳಿಬಂದಿತು. ಗರಿಗಳು ಜೀರ್ಣವಾಗುತ್ತಿದ್ದುವು, ಓದುವವರು ಮುದುಕರಾಗುತ್ತಿದ್ದರು. ಮುತ್ತಿನ ಬೆಲೆಯನ್ನು ಕಣ್ಣಳತೆಯಲ್ಲಿಯೇ ಕಟ್ಟಬಲ್ಲ ಆ ಜವೇರಿಯ ಮನಸ್ಸಿಗೆ ರತ್ನಪ್ರತಿಮೆಗಳಿಗಿಂತ ಹೆಚ್ಚಾಗಿ ಈ ಗರಿಗಳು ಅಂಟಿಕೊಂಡುವು.

ಊರಿಗೆ ಮರಳಿದ ಮೇಲೆ ಅವರು ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದರಿಗೆ ಪತ್ರ ಬರೆದರು. ಮರುವರ್ಷ ಆ ಸೇಠರು ಬ್ರಹ್ಮಸೂರಿ ಶಾಸ್ತ್ರಿಗಳನ್ನು ಕರೆದುಕೊಂಡು ಮೂಡಬಿದಿರೆಗೆ ಹೋಗಿ ಬಂದರು. ಗರಿಗಳನ್ನು ಪ್ರತಿಮಾಡಿಸಬೇಕೆಂಬ ಸಂಕಲ್ಪ ಕಾರ್ಯರೂಪಕ್ಕೆ ಬರಲು ಮತ್ತೂ ಹತ್ತಾರು ವರ್ಷಗಳು ಬೇಕಾದುವು. ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಲೇಖನಕಾರ್ಯವನ್ನು ಆರಂಭಿಸಿದ್ದು 1896ರ ಸುಮಾರಿಗೆ. ಅದು ಕೈಯಿಂದ ಕೈಗೆ ಸಾಗಿ ಮುಗಿದದ್ದು 1922ರಲ್ಲಿ. ಮುದ್ರಿತ ಧವಲದ ಪ್ರಥಮ ಸಂಪುಟ ಡಾಕ್ಟರ್ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಹೊರಬಂದದ್ದು 1939ರಲ್ಲಿ. ಸೇಠ್‌ಜಿಯವರು ಇವೆರಡನ್ನೂ ಕಣ್ಣಾರೆ ಕಾಣಲಿಲ್ಲ. ಆದರೆ ಒಬ್ಬ ಯಾತ್ರಿಕ ಒಂದು ಊರಿನಲ್ಲಿ ನಿಂತು ಕಣ್ಣುಬಿಟ್ಟು ನೋಡಿದರೆ ಏನಾಗಬಹುದೆಂಬುದಕ್ಕೆ ಈ ಪ್ರಸಂಗಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ. ಯಾತ್ರೆಯ ಶ್ರಮವನ್ನೂ ಯಾತ್ರೆಯ ಫಲವನ್ನೂ ಅವರು ಸ್ವತಃ ಅನುಭವಿಸಿ ಬಲ್ಲವರಾಗಿದ್ದರು. ಹೀರಾಬಾಗ್‌ನ ಬೇರು ಇಲ್ಲಿದೆಯೆಂದು ನನ್ನ ತಿಳಿವಳಿಕೆ.

ಈಗ ಆ ಕಾಲದ ಯಾತ್ರಿಕನ ಪಾಡನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಹುಬ್ಬಳ್ಳಿ ಬೆಳಗಾವಿಗಳ ಕಡೆಯ ಶ್ರಾವಕನೊಬ್ಬ ಗಿರನಾರಿಗೋ ಶತ್ರುಂಜಯಕ್ಕೋ ಹೊರಟರೆ ಮೀಟರ್‌ಗೇಜ್ ಗಾಡಿಯಲ್ಲಿ ಪುಣೆಗೆ ಬಂದು, ಅಲ್ಲಿ ಗಾಡಿ ಬದಲಾಯಿಸಿ ಮುಂಬಯಿಯಲ್ಲಿ ಇಳಿಯಬೇಕು. ಮುಂದಿನ ಗಾಡಿ ಬೇರೆ ಕಂಪನಿಯದು, ಬೇರೆ ನಿಲ್ದಾಣದ್ದು. ಒಂದು ದಿನವಾದರೂ ನಗರದಲ್ಲಿ ತಂಗದೆ ಗತಿಯಿಲ್ಲ. ತಲೆಯ ಮೇಲೆ ಹಾಸಿಗೆಯ ಸುರುಳಿ, ಕೈಯಲ್ಲಿ ತಂಬಿಗೆ, ಬುಟ್ಟಿಯಲ್ಲಿ ಹಿಟ್ಟು ಅವಲಕ್ಕಿ, ಜೊತೆಯಲ್ಲಿ ವೃದ್ಧೆಯಾದ ತಾಯಿ, ಎಳೆಯ ಮಕ್ಕಳು. ಭಾಷೆ ಬಾರದು. ನೀರನ್ನು ಸೋಸಿ ಕುಡಿಯಬೇಕು, ಕತ್ತಲಾಗುವ ಮುನ್ನ ಉಣ್ಣಬೇಕು, ಕಂದಮೂಲಾದಿಗಳು ಬೆರೆತ ಅಡುಗೆಯನ್ನು ಮುಟ್ಟುವಂತಿಲ್ಲ, ಬೆಳಗ್ಗೆ ಜಿನದರ್ಶನವಿಲ್ಲದೆ ಬಾಯಿಗೆ ಏನನ್ನೂ ಹಾಕುವಂತಿಲ್ಲ. ಖಾನಾವಳಿಯಲ್ಲಿ ಈ ನಿಯಮಗಳು ನಡೆಯುವುದೆಂತು? ಹಣವುಳ್ಳವರಿಗೆ ಹೋಟೆಲುಗಳಿದ್ದುವು. ಬಂಧುಗಳಿದ್ದವರಿಗೆ ಚಾಳಿನ ಒಂದು ಕೋಣೆಯ ಮೂಲೆಯಿತ್ತು. ಇವೆರಡೂ ಇಲ್ಲದವನಿಗೆ ನಿಲ್ದಾಣದ ಕಲ್ಲುಹಾಸು.

ಅದರ ಮೇಲೆ 1896ರಲ್ಲಿ ಮುಂಬಯಿಗೆ ಪ್ಲೇಗ್ ಮಾರಿ ಹೊಕ್ಕಿತು. ಸಾವಿರಾರು ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಊರು ಬಿಟ್ಟರು. 1891ರ ಜನಗಣತಿಯಲ್ಲಿ 8,21,764 ಇದ್ದ ನಗರದ ಜನಸಂಖ್ಯೆ 1901ರಲ್ಲಿ 7,76,006ಕ್ಕೆ ಇಳಿದಿತ್ತೆಂದರೆ ಅದರ ಭೀಕರತೆ ತಿಳಿಯುತ್ತದೆ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ತಡೆದು ಪರೀಕ್ಷಿಸುತ್ತಿದ್ದರು. ಪರಸ್ಥಳದಿಂದ ಬಂದವನನ್ನು ಮನೆಗೆ ಸೇರಿಸಿಕೊಳ್ಳಲು ಬಂಧುವೂ ಹಿಂಜರಿಯುವಂತಾಯಿತು. 1898ರಲ್ಲಿ ಸ್ಥಾಪಿತವಾದ ಸುಧಾರಣಾ ಟ್ರಸ್ಟು ಗಾಳಿ ಬೆಳಕಿಗಾಗಿ ಇಕ್ಕಟ್ಟಿನ ಕೇರಿಗಳನ್ನು ಕೆಡವಿ ರಸ್ತೆಗಳನ್ನು ಅಗಲಮಾಡತೊಡಗಿತು. ಅದು ಒಳ್ಳೆಯ ಕಾರ್ಯವೇ. ಆದರೆ ಬಡವನ ಬಿಡಾರ ಮತ್ತಷ್ಟು ದುರ್ಲಭವಾಯಿತು.

ಇಂತಹ ಕಾಲದಲ್ಲಿ ಸೇಠ್‌ಜಿಯವರು ಮೊದಲು ಗಮನವಿತ್ತದ್ದು ವಿದ್ಯಾರ್ಥಿಗಳ ವಸತಿಯ ಕಡೆಗೆ. ಶತಮಾನ ತಿರುಗುವ ಹೊತ್ತಿಗೆ ತಾರದೇವ್‌ನಲ್ಲಿ ತಂದೆಯವರ ಹೆಸರಿನಿಂದ ಹೀರಾಚಂದ್ ಗುಮಾನ್‌ಜಿ ಜೈನ್ ಬೋರ್ಡಿಂಗ್ ಸ್ಥಾಪಿತವಾಯಿತು. ಹಳ್ಳಿಯ ಜೈನ ಹುಡುಗ ಇಂಗ್ಲಿಷ್ ವಿದ್ಯೆಗೆಂದು ನಗರಕ್ಕೆ ಬಂದರೆ ವ್ರತವನ್ನು ಬಿಡಬೇಕು, ವ್ರತವನ್ನು ಹಿಡಿದರೆ ವಿದ್ಯೆಯನ್ನು ಬಿಡಬೇಕು ಎಂಬಂತಿದ್ದ ಇಕ್ಕಟ್ಟನ್ನು ಅದು ಬಿಡಿಸಿತು. ಬಳಿಕ ಅಹಮದಾಬಾದ್, ಕೊಲ್ಲಾಪುರ ಮುಂತಾದೆಡೆಗಳ ವಿದ್ಯಾರ್ಥಿನಿಲಯಗಳಿಗೂ ಅವರ ಧನ ಹರಿಯಿತು. ಕೊಲ್ಲಾಪುರದ ಜೈನ ಬೋರ್ಡಿಂಗು ನಮ್ಮ ಬೆಳಗಾವಿ ಸೀಮೆಯ ಎಷ್ಟೋ ಕನ್ನಡ ಮಕ್ಕಳಿಗೆ ತಾಯಿಮನೆಯಾಯಿತು. ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವುರಾವ್ ಪಾಟೀಲರೂ ಬಾಲ್ಯದಲ್ಲಿ ಅಲ್ಲಿದ್ದವರೇ.

ಯಾತ್ರಿಕರ ಸರದಿ ಬಂದದ್ದು 1905ರಲ್ಲಿ. ಗಿರಗಾಂವ್ ಮತ್ತು ಭುಲೇಶ್ವರಗಳ ನಡುವೆ ಸಿ.ಪಿ. ಟ್ಯಾಂಕ್ ಎಂಬ ಸ್ಥಳವಿದೆ. ಹದಿನೆಂಟನೆಯ ಶತಮಾನದಲ್ಲಿ ಕಾವಸ್‌ಜಿ ಪಟೇಲ್ ಎಂಬ ಪಾರಸಿ ದಾನಿಗಳು ಜನರ ನೀರಿಗಾಗಿ ಅಲ್ಲೊಂದು ಕೆರೆಯನ್ನು ಕಟ್ಟಿಸಿದ್ದರು. ಆ ಕೆರೆ ಮುಂದೆ ಮುಚ್ಚಿಹೋಗಿ ದಾನಿಯ ಹೆಸರು ಮಾತ್ರ ಸ್ಥಳಕ್ಕೆ ಉಳಿದಿದೆ. ಬಳಿಯಲ್ಲಿಯೇ 1875ರಲ್ಲಿ ನಿರ್ಮಿತವಾದ ಮಾಧವಬಾಗ್ ಎಂಬ ವೈಷ್ಣವರ ದೇವಾಲಯದ ಆವರಣ. ಜವೇರಿ ಬಜಾರ್ ಕಾಲ್ನಡಿಗೆಯ ದೂರ. ಗುಲಾಲವಾಡಿಯ ದಿಗಂಬರ ಜಿನಮಂದಿರಕ್ಕೂ ನಡೆದೇ ಹೋಗಬಹುದು. ಈ ಸ್ಥಳದ ಆಯ್ಕೆಯಲ್ಲಿಯೇ ಸೇಠ್‌ಜಿಯವರ ವಿವೇಕವನ್ನು ಕಾಣಬೇಕು. ನಗರದ ಹೊರಗೆ ಅಗ್ಗದ ಬಯಲನ್ನು ಕೊಂಡು ಇದಕ್ಕಿಂತ ವಿಸ್ತಾರವಾದ ಕಟ್ಟಡವನ್ನು ಎಬ್ಬಿಸಬಹುದಾಗಿತ್ತು. ಆದರೆ ಭಾಷೆ ಬಾರದ ಯಾತ್ರಿಕನಿಗೆ ಬೇಕಾದುದು ವಿಸ್ತಾರವಲ್ಲ, ಬಸದಿಗೂ ಪೇಟೆಗೂ ರೈಲಿಗೂ ಸಮೀಪವಾದ ಒಂದು ಬಾಗಿಲು. ತಮ್ಮ ತಂದೆ ಹೀರಾಚಂದರ ಸ್ಮರಣೆಗಾಗಿ ಅಲ್ಲಿ ಕಟ್ಟಿಸಿದ ಧರ್ಮಶಾಲೆಗೆ ಹೀರಾಬಾಗ್ ಎಂಬ ಹೆಸರಾಯಿತು.

ಯಾತ್ರಿಕರ ಕೋಣೆಗಳೊಡನೆ ಅಲ್ಲಿ ಒಂದು ಸಭಾಭವನವನ್ನೂ ಕಟ್ಟಿಸಿದ್ದು ಎರಡನೆಯ ವಿವೇಕ. ಧರ್ಮಶಾಲೆಯೆಂದರೆ ಮಲಗಿ ಎದ್ದು ಹೋಗುವ ತಾಣವೆಂದು ಅವರು ಭಾವಿಸಲಿಲ್ಲ. ದೇಶದ ನಾನಾ ಭಾಗಗಳ ಜೈನರು ಒಂದೇ ಸೂರಿನಡಿ ಬಂದು ಸೇರುವರೆಂದ ಮೇಲೆ, ಅವರು ಕುಳಿತು ಮಾತನಾಡಲೂ ಸ್ಥಳ ಬೇಕಷ್ಟೆ. 1902ರಲ್ಲಿ ಸ್ಥಾಪಿತವಾಗಿದ್ದ ಭಾರತವರ್ಷೀಯ ದಿಗಂಬರ ಜೈನ ತೀರ್ಥಕ್ಷೇತ್ರ ಕಮಿಟಿಯ ಕಾರ್ಯಾಲಯವೂ ಹೀರಾಬಾಗ್‌ನಲ್ಲಿ ನೆಲೆಗೊಂಡಿತು. ದೂರದ ಕ್ಷೇತ್ರದಲ್ಲಿ ಮೆಟ್ಟಿಲು ಮುರಿದಿದೆ, ಪೂಜೆ ನಿಂತಿದೆ, ಜಮೀನಿನ ತಕರಾರು ಎದ್ದಿದೆ ಎಂಬ ಅಹವಾಲುಗಳು ಬರುವುದು ಇದೇ ಕಟ್ಟಡಕ್ಕೆ. ಆ ಕ್ಷೇತ್ರಗಳಿಗೆ ಹೊರಟ ಯಾತ್ರಿಕರು ತಂಗುವುದೂ ಇಲ್ಲಿಯೇ. ಆಡಳಿತಗಾರ ಕಾಗದದಲ್ಲಿ ಓದಿದ ಸಂಗತಿಯನ್ನು ಯಾತ್ರಿಕನ ಬಾಯಿಂದಲೇ ಕೇಳಿ ತಿಳಿಯಲು ಇದಕ್ಕಿಂತ ಅನುಕೂಲವಾದ ಏರ್ಪಾಡು ಮತ್ತೊಂದಿಲ್ಲ. ಇಂದಿನ ನಮ್ಮ ಸಂಸ್ಥೆಗಳ ಕಚೇರಿಗಳು ಯಾತ್ರಿಕರ ವಸತಿಯಿಂದ ಎಷ್ಟು ದೂರ ಸರಿದಿವೆಯೆಂಬುದನ್ನು ಹೇಳಹೊರಟರೆ ಲೇಖನ ದಾರಿ ತಪ್ಪೀತು.

ಮುಂಬಯಿಯೊಂದರಿಂದಲೇ ಅವರಿಗೆ ತೃಪ್ತಿಯಾಗಲಿಲ್ಲ. ಪಾಲಿತಾಣಾ ಕ್ಷೇತ್ರದಲ್ಲಿ ಧರ್ಮಶಾಲೆ, ಹುಟ್ಟೂರಾದ ಸೂರತ್‌ನಲ್ಲಿ ಚಂದಾವಾಡಿ ಧರ್ಮಶಾಲೆ ಅವರ ಔದಾರ್ಯದಿಂದಾದುವು. ಯಾತ್ರಿಕನಿಗೆ ವಸತಿಯ ಜೊತೆಗೆ ಮಾಹಿತಿಯೂ ಬೇಕೆಂದು ಮನಗಂಡು, ಭಾರತದ ಎಲ್ಲ ಊರುಗಳ ದಿಗಂಬರ ಜೈನರ ಮನೆಗಳು, ಮಂದಿರಗಳು, ತೀರ್ಥಗಳು, ಅವುಗಳಿಗೆ ಹೋಗುವ ಮಾರ್ಗ ಇವುಗಳನ್ನೆಲ್ಲ ಸಂಗ್ರಹಿಸಿದ ಒಂದು ಬೃಹತ್ ಡೈರೆಕ್ಟರಿಯನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿಸಿದರು. ಅದು 1914ರಲ್ಲಿ ಪ್ರಕಟವಾಯಿತು. ಆ ಕಾಲದ ಅಂಚೆ ವ್ಯವಸ್ಥೆಯನ್ನು ನಂಬಿ, ಹಳ್ಳಿಹಳ್ಳಿಗೆ ವಿಚಾರಿಸಿ ಇಂತಹ ಗ್ರಂಥವನ್ನು ಹೊರತರುವುದು ಹುಡುಗಾಟವಲ್ಲ.

ನಗರದಲ್ಲಿ ವಸತಿಗೃಹವನ್ನು ಕಟ್ಟಿಸಿದ ಇದೇ ಮಹನೀಯರು ಒಂದೆಡೆ ವಸತಿಗೃಹಗಳಾಗಕೂಡದೆಂದು ಹೋರಾಡಿದ್ದೂ ಉಂಟು. 1907ರ ಸುಮಾರಿಗೆ ಪರಮಪವಿತ್ರವಾದ ಸಮ್ಮೇದ ಶಿಖರದ ಬೆಟ್ಟದ ಮೇಲೆ ಯೂರೋಪಿಯನರ ಹವಾಸೇವನೆಗಾಗಿ ಬಂಗಲೆಗಳನ್ನು ಕಟ್ಟಲು ನಿವೇಶನಗಳನ್ನು ಕೊಡುವ ಯೋಜನೆಯೊಂದು ತಲೆಯೆತ್ತಿತು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಲ್ಲಿ ಮದ್ಯಮಾಂಸಗಳ ಬಿಡಾರ! ದೇಶದಾದ್ಯಂತ ದಿಗಂಬರರೂ ಶ್ವೇತಾಂಬರರೂ ಒಕ್ಕೊರಲಿನಿಂದ ಪ್ರತಿಭಟಿಸಿದರು. ತೀರ್ಥಕ್ಷೇತ್ರ ಕಮಿಟಿಯ ಹೊಣೆ ಹೊತ್ತಿದ್ದ ಸೇಠ್‌ಜಿಯವರು ಮನವಿ, ಸಭೆ, ನಿಯೋಗಗಳಿಗೆ ಬೆನ್ನೆಲುಬಾಗಿ ನಿಂತರು. ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಸರ್ ಆಂಡ್ರೂ ಫ್ರೇಸರರು ತಾವೇ ಬೆಟ್ಟಕ್ಕೆ ಬಂದು ನೋಡಿಹೋದರು. ಕೊನೆಗೆ ಯೋಜನೆ ಕೈಬಿಟ್ಟುಹೋಯಿತು. ಯಾವ ಸ್ಥಳದಲ್ಲಿ ತಂಗುದಾಣ ಪುಣ್ಯ, ಯಾವ ಸ್ಥಳದಲ್ಲಿ ಅದು ಆಶಾತನ ಎಂಬ ವಿವೇಚನೆ ಅವರಿಗಿತ್ತು. ಆದರೆ ಅದೇ ಶಿಖರದ ವಿಷಯದಲ್ಲಿ ಎರಡು ಸಂಪ್ರದಾಯಗಳೂ ಪರಸ್ಪರ ವ್ಯಾಜ್ಯಕ್ಕೆ ನಿಂತು, ಮೊಕದ್ದಮೆಗಳು ಮುಂದೆ ಲಂಡನಿನ ಪ್ರಿವಿ ಕೌನ್ಸಿಲ್‌ವರೆಗೂ ಏರಿ, ಎಷ್ಟೋ ಧರ್ಮಶಾಲೆಗಳನ್ನು ಕಟ್ಟಬಹುದಾಗಿದ್ದ ದ್ರವ್ಯ ವಕೀಲರ ಪಾಲಾದುದನ್ನೂ ಇಲ್ಲಿ ಮುಚ್ಚಿಡಲಾಗದು. ಅದರ ಬಹುಭಾಗ ಸೇಠ್‌ಜಿಯವರ ಕಾಲಾನಂತರದ್ದು. ಆದರೂ ಕಮಿಟಿಯ ಚರಿತ್ರೆಯನ್ನು ಓದುವಾಗ ಮನಸ್ಸು ಕುಗ್ಗುತ್ತದೆ.

1905ರಲ್ಲಿಯೇ ನಡೆದ ಇನ್ನೊಂದು ಘಟನೆಯನ್ನು ಹೇಳದಿರಲಾರೆ. ಗಣೇಶಪ್ರಸಾದ ವರ್ಣಿಯವರು ಆಗ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ. ಕಾಶಿಯಲ್ಲಿ ಜೈನ ವಿದ್ಯಾರ್ಥಿಗಳಿಗೆ ನ್ಯಾಯ ವ್ಯಾಕರಣಗಳನ್ನು ಕಲಿಸುವ ಪಾಠಶಾಲೆ ಬೇಕೆಂದು ಅವರ ಹಂಬಲ. ಯಾರೋ ಶ್ರಾವಕರು ಒಂದು ರೂಪಾಯಿಯನ್ನು ದಾನವಾಗಿ ಕೊಟ್ಟರು. ವರ್ಣಿಯವರು ಆ ರೂಪಾಯಿಗೆ 64 ಅಂಚೆಕಾರ್ಡುಗಳನ್ನು ಕೊಂಡು 64 ಮಂದಿ ಶ್ರೀಮಂತರಿಗೆ ತಮ್ಮ ಬಿನ್ನಹವನ್ನು ಬರೆದು ಹಾಕಿದರು. ಕಾಸಿನ ಕಾರ್ಡು ಬರೆದ ಅಪರಿಚಿತ ಹುಡುಗನ ಮಾತಿಗೆ ಓಗೊಟ್ಟು ಮುಂಬಯಿಯಿಂದ ಕಾಶಿಗೆ ತೆರಳಿದವರು ಸೇಠ್ ಮಾಣಿಕಚಂದರು. ಸ್ಯಾದ್ವಾದ ಮಹಾವಿದ್ಯಾಲಯ ಅವರ ಹಸ್ತದಿಂದಲೇ ಉದ್ಘಾಟನೆಗೊಂಡಿತು. ಅಲ್ಲಿಂದ ಹೊರಬಂದ ಪಂಡಿತರ ಸಾಲು ಇಡೀ ಜೈನ ಸಮಾಜಕ್ಕೆ ಬೆಳಕಾಯಿತು. ಸ್ವತಃ ಹೆಚ್ಚು ಓದದ ಆ ಜವೇರಿ ಧಾರ್ಮಿಕ ಶಿಕ್ಷಣಕ್ಕಾಗಿ ಪರೀಕ್ಷಾಲಯವನ್ನೂ ನಡೆಸಿದರು. ಶಾಸ್ತ್ರಗ್ರಂಥಗಳನ್ನು ಅಚ್ಚುಹಾಕುವುದೇ ಪಾಪವೆಂದು ಅನೇಕ ಹಿರಿಯರು ವಾದಿಸುತ್ತಿದ್ದ ಕಾಲದಲ್ಲಿ, ಅಚ್ಚಾದ ಒಳ್ಳೆಯ ಗ್ರಂಥಗಳ ನೂರಾರು ಪ್ರತಿಗಳನ್ನು ಕೊಂಡು ಮಂದಿರಗಳಿಗೆ ಹಂಚುತ್ತಿದ್ದರು. ವಾದಕ್ಕೆ ಇಳಿಯದೆ ಕೆಲಸವನ್ನು ಮುಂದುವರಿಸುವುದು ಅವರ ರೀತಿ.

ಮನೆಯಲ್ಲಿ ಮಾತ್ರ ವಿಧಿ ಅವರನ್ನು ಕಠಿಣವಾಗಿ ಪರೀಕ್ಷಿಸಿತು. 1879ರಲ್ಲಿ ಜನಿಸಿದ ಪುತ್ರಿ ಮಗನ್‌ಬಾಯಿ ಹತ್ತೊಂಬತ್ತರ ಹರೆಯದಲ್ಲಿಯೇ ವಿಧವೆಯಾದರು. ಆ ಕಾಲದ ರೂಢಿಯಂತೆ ಕತ್ತಲೆಯ ಕೋಣೆಯೇ ಆಕೆಯ ಪಾಲಾಗಬೇಕಾಗಿತ್ತು. ತಂದೆ ಹಾಗಾಗಗೊಡಲಿಲ್ಲ. ಮಗಳ ವಿದ್ಯಾಭ್ಯಾಸಕ್ಕೆ ವ್ಯವಸ್ಥೆ ಮಾಡಿದರು, ಸಭೆಗಳಿಗೆ ಕರೆದೊಯ್ದರು, ಧರ್ಮಕಾರ್ಯಗಳಲ್ಲಿ ತಮ್ಮ ಬಲಗೈಯನ್ನಾಗಿ ಮಾಡಿಕೊಂಡರು. ಲಲಿತಾಬಾಯಿಯವರೊಡಗೂಡಿ ಮಗನ್‌ಬಾಯಿಯವರು ಮುಂಬಯಿಯಲ್ಲಿ ಶ್ರಾವಿಕಾಶ್ರಮವನ್ನು ನಡೆಸಿ, ತಮ್ಮಂತೆಯೇ ದುಃಖಕ್ಕೀಡಾದ ಸೋದರಿಯರಿಗೆ ಅಕ್ಷರವನ್ನೂ ಆಶ್ರಯವನ್ನೂ ಕೊಟ್ಟರು. 1930ರಲ್ಲಿ ಆಕೆ ದಿವಂಗತರಾಗುವವರೆಗೂ ಆ ಸೇವೆ ನಿಲ್ಲಲಿಲ್ಲ. ತಂದೆ ಕಟ್ಟಿದ್ದು ಒಂದೆರಡು ದಿನ ತಂಗುವವರ ಮನೆ. ಮಗಳು ಕಟ್ಟಿದ್ದು ಹೋಗಲು ಬೇರೆಡೆಯಿಲ್ಲದವರ ಮನೆ. ಯಾವುದು ಹೆಚ್ಚಿನದೆಂದು ನಾನು ಹೇಳಲಾರೆ.

1914ನೆಯ ಇಸವಿಯ ಜುಲೈ 16ರಂದು ಸೇಠ್ ಮಾಣಿಕಚಂದರು ದೇಹತ್ಯಾಗ ಮಾಡಿದರು. ಅವರೊಡನೆ ಇದ್ದು ಅವರ ಕಾರ್ಯಗಳನ್ನು ಹತ್ತಿರದಿಂದ ಕಂಡ ಬ್ರಹ್ಮಚಾರಿ ಶೀತಲಪ್ರಸಾದರು ಹಿಂದಿಯಲ್ಲಿ ಅವರ ವಿಸ್ತಾರವಾದ ಜೀವನಚರಿತ್ರೆಯನ್ನು ಬರೆದಿದ್ದಾರೆ.

ಸೇಠ್‌ಜಿಯವರು ಹೋದ ಆರು ತಿಂಗಳಿಗೆ, 1915ರ ಜನವರಿಯಲ್ಲಿ, ದಕ್ಷಿಣ ಆಫ್ರಿಕದಿಂದ ಆಗತಾನೆ ಮರಳಿದ್ದ ಗಾಂಧೀಜಿಯವರಿಗೆ ಮುಂಬಯಿಯ ನಾಗರಿಕರು ನಡೆಸಿದ ಸತ್ಕಾರಗಳಲ್ಲಿ ಒಂದು ಈ ಹೀರಾಬಾಗ್‌ನ ಸಭಾಭವನದಲ್ಲಿಯೇ ನೆರವೇರಿತು. ಅದೇ ವರ್ಷ ಸೇಠ್‌ಜಿಯವರ ಸ್ಮಾರಕವಾಗಿ ಮಾಣಿಕಚಂದ್ರ ದಿಗಂಬರ ಜೈನ ಗ್ರಂಥಮಾಲೆ ಆರಂಭವಾಯಿತು. ಕಲ್ಲಿನ ಪ್ರತಿಮೆಯನ್ನು ನಿಲ್ಲಿಸದೆ ಗ್ರಂಥಗಳನ್ನು ಅಚ್ಚುಮಾಡಿ, ತಗುಲಿದ ಖರ್ಚಿನ ಬೆಲೆಗೇ ಮಾರುವುದೆಂದು ನಿಶ್ಚಯಿಸಿದವರ ಬುದ್ಧಿ ಮೆಚ್ಚತಕ್ಕದ್ದು. ಅದರ ಹೊಣೆ ಹೊತ್ತವರು ಪಂಡಿತ ನಾಥೂರಾಮ ಪ್ರೇಮಿಯವರು. 1881ರಲ್ಲಿ ಸಾಗರ ಜಿಲ್ಲೆಯ ದೇವರಿ ಎಂಬ ಊರಿನ ಬಡಕುಟುಂಬದಲ್ಲಿ ಹುಟ್ಟಿ, ಗುಮಾಸ್ತೆಯಾಗಿ ಮುಂಬಯಿಗೆ ಬಂದು, ಹೀರಾಬಾಗ್‌ನಲ್ಲಿ ಹಿಂದೀ ಗ್ರಂಥ ರತ್ನಾಕರ ಕಾರ್ಯಾಲಯವನ್ನು ನಡೆಸಿ, ಹಿಂದಿಯ ಶ್ರೇಷ್ಠ ಪ್ರಕಾಶಕರೆನಿಸಿಕೊಂಡವರು ಅವರು. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಪ್ರಥಮ ಸಂಪುಟ 1907ರಲ್ಲಿ ಹೊರಬಂದಿತ್ತಷ್ಟೆ. ಅದರ ಆಧಾರದಿಂದ ಕರ್ನಾಟಕದ ಜೈನ ಕವಿಗಳ ಪರಿಚಯವನ್ನು ಹಿಂದಿಯಲ್ಲಿ ಮಾಡಿಕೊಟ್ಟವರೂ ಪ್ರೇಮಿಯವರೇ. ಪಂಪ ರನ್ನರ ಹೆಸರು ಉತ್ತರದ ಎಷ್ಟೋ ಜೈನ ಮನೆಗಳನ್ನು ಹೀಗೆ ಈ ಧರ್ಮಶಾಲೆಯ ವಿಳಾಸದಿಂದ ಹೋಗಿ ಮುಟ್ಟಿತು.

ಗ್ರಂಥಮಾಲೆಯ ಪುಷ್ಪಗಳಲ್ಲಿ ನಮ್ಮ ನಾಡಿನ ನಂಟು ಮತ್ತೆ ಮತ್ತೆ ಕಾಣುತ್ತದೆ. ಮಾನ್ಯಖೇಟದಲ್ಲಿ, ಎಂದರೆ ಇಂದಿನ ಮಳಖೇಡದಲ್ಲಿ, ನೆಲೆಸಿ ಪುಷ್ಪದಂತ ಕವಿ ಅಪಭ್ರಂಶದಲ್ಲಿ ರಚಿಸಿದ ಮಹಾಪುರಾಣ ಡಾಕ್ಟರ್ ಪಿ.ಎಲ್. ವೈದ್ಯರ ಸಂಪಾದಕತ್ವದಲ್ಲಿ ಇಲ್ಲಿಂದ ಪ್ರಕಟವಾಯಿತು. ಜಟಾಸಿಂಹನಂದಿಯ ವರಾಂಗಚರಿತವನ್ನು 1938ರಲ್ಲಿ ಸಂಪಾದಿಸಿಕೊಟ್ಟವರು ನಮ್ಮ ಸದಲಗಾ ಗ್ರಾಮದಲ್ಲಿ ಹುಟ್ಟಿದ ಡಾಕ್ಟರ್ ಆ.ನೇ. ಉಪಾಧ್ಯೆಯವರು. ಅದಕ್ಕೂ ಹತ್ತು ವರ್ಷ ಮೊದಲು, 1928ರಲ್ಲಿ, ಜೈನ ಶಿಲಾಲೇಖ ಸಂಗ್ರಹದ ಮೊದಲ ಭಾಗ ಹೀರಾಲಾಲ್ ಜೈನರ ಕೈಯಿಂದ ಸಿದ್ಧವಾಗಿ ಈ ಮಾಲೆಯಲ್ಲಿ 28ನೆಯ ಗ್ರಂಥವಾಗಿ ಹೊರಬಂದಿತು. ಅದರಲ್ಲಿದ್ದುದು ಶ್ರವಣಬೆಳಗೊಳದ ಶಾಸನಗಳು. ಚಂದ್ರಗಿರಿ ವಿಂಧ್ಯಗಿರಿಗಳ ಬಂಡೆಗಳ ಮೇಲೆ ಹಳಗನ್ನಡದಲ್ಲಿಯೂ ಸಂಸ್ಕೃತದಲ್ಲಿಯೂ ಕೊರೆದಿದ್ದ ಸಲ್ಲೇಖನಾ ನಿಷಧಿಗಳು, ಗುರುಪರಂಪರೆಯ ಪ್ರಶಸ್ತಿಗಳು, ದತ್ತಿಗಳು ನಾಗರಿ ಲಿಪಿಯಲ್ಲಿ ಅಚ್ಚಾಗಿ, ಹಿಂದಿಯ ವಾಚಕರ ಕೈಗೆ ಮೊದಲ ಬಾರಿಗೆ ಸಿಕ್ಕಿದುವು.

ಶತಮಾನವನ್ನು ದಾಟಿದ ಹೀರಾಬಾಗ್ ಸಿ.ಪಿ. ಟ್ಯಾಂಕಿನ ಜನಸಂದಣಿಯ ನಡುವೆ ಧರ್ಮಶಾಲೆಯಾಗಿಯೇ ಉಳಿದುಬಂದಿದೆ. ಸುತ್ತಲಿನ ನೆಲದ ಬೆಲೆ ಮುತ್ತಿನ ಬೆಲೆಯನ್ನು ಮೀರಿರುವ ನಗರದಲ್ಲಿ, ಯಾತ್ರಿಕನಿಂದ ಅಲ್ಪವನ್ನು ಪಡೆದು ಕೋಣೆಯನ್ನು ಬಿಟ್ಟುಕೊಡುವ ಕಟ್ಟಡವೊಂದು ಮಾರಾಟವಾಗದೆ ಉಳಿಯುವುದೆಂದರೆ, ದಾನಿಯ ಜೊತೆಗೆ ಆತನ ನಂತರ ಬಂದ ಕಾರ್ಯಕರ್ತರ ನಿಷ್ಠೆಯನ್ನೂ ನೆನೆಯಬೇಕು. ನಮ್ಮ ಕಡೆಯ ಹಿರಿಯರು ಗಿರನಾರಿಗೆ ಹೊರಡುವಾಗ ಮುಂಬಯಿಯಲ್ಲಿ ಎಲ್ಲಿ ಇಳಿಯುವುದೆಂದು ಚರ್ಚಿಸುತ್ತಿರಲಿಲ್ಲ. ಟ್ರಂಕಿನ ಮುಚ್ಚಳದ ಒಳಭಾಗದಲ್ಲಿ ಸೀಮೆಸುಣ್ಣದಿಂದಲೋ, ಪಂಚಾಂಗದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದಲೋ ಹೀರಾಬಾಗ್, ಸಿ.ಪಿ. ಟ್ಯಾಂಕ್ ಎಂದು ಕನ್ನಡದಲ್ಲಿ ಬರೆದುಕೊಂಡರೆ ಸಾಕಾಗಿತ್ತು.